ವರ್ಷಪೂರ್ತಿ ಒಂದೇ ಥರ ಉರಿಯೋ ಪೌಡರ್ ಬೇಕು

ಸಂಪಾದಕರೇ,

ದೂರದ ಗುರಿಗೆ ಹೊಡೆಯೋ ರೈಫಲ್ ಶೂಟಿಂಗ್ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಬರಹ ಓದಿದೆ, ಈ ವಿಷಯ ಕನ್ನಡದಲ್ಲಿ ಬರೋದೇ ಅಪರೂಪ, ಖುಷಿಯಾಯ್ತು. ಆದ್ರೆ ಕಾರ್ಟ್ರಿಜ್‌ನ (ತೋಟಾನ) ತಾವೇ ಲೋಡ್ ಮಾಡ್ಕೊಳ್ಳೋರು ಬುಲೆಟ್‌ಗೆ ಜಾಸ್ತಿ ವೇಗ ಕೊಡೋ ಪೌಡರ್, ಅಂದ್ರೆ ಮದ್ದು, ತಗೊಂಡ್ರೆ ಸಾಕು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಲ್ಲ, ಅದನ್ನ ಓದಿ ಸುಮ್ನೆ ಕೂರೋಕಾಗ್ಲಿಲ್ಲ.

ಶುರುವಲ್ಲಿ ನಾನೂ ವೇಗದ ಹಿಂದೇನೇ ಬಿದ್ದಿದ್ದೆ. ನನ್ನದು .308 ವಿಂಚೆಸ್ಟರ್ ತೋಟಾ ಹೊಡೆಯೋ ರೈಫಲ್, ಒಳ್ಳೆ ಚಳೀಲಿ ಒಂದು ಬಾಲ್ ಪೌಡರ್ (ಸಣ್ಣ ಉಂಡೆಯಂಥ ಕಾಳಿನ ಮದ್ದು) ಹಾಕಿ ಲೋಡಿಂಗ್ ಮ್ಯಾನುವಲ್‌ನಲ್ಲಿರೋ ಮ್ಯಾಕ್ಸಿಮಮ್ ಹತ್ರ ಲೋಡ್ ಕಟ್ಟಿದ್ದೆ, ಗುರಿ ಮೇಲೆ ಗುಂಡುಗಳ ಗುಂಪು ಚೆನ್ನಾಗೇ ಬಂತು, ಅದೇ ಅಳತೇಲಿ ಒಂದು ರಾಶಿ ರೌಂಡ್ ಮಾಡಿಟ್ಕೊಂಡೆ. ಬೇಸಿಗೇಲಿ ಡಬ್ಬಿ ಬಿಸಿಲಲ್ಲಿ ತೆರೆದಿಟ್ಟು ಹೊಡೀತಾ ಇದ್ರೆ ಮೂರನೇ ಶಾಟ್‌ಗೆ ರೈಫಲ್ ಹಿಂಬದಿ ಮುಚ್ಚೋ ಬೋಲ್ಟ್‌ನ ಹಿಡಿ ಮೇಲೇಳ್ಲಿಲ್ಲ, ಅಂಗೈಲಿ ತಟ್ಟಿ ತಟ್ಟಿ ಎಬ್ಬಿಸಿದೆ, ತೆಗೆದು ನೋಡಿದ್ರೆ ಮದ್ದಿಗೆ ಬೆಂಕಿ ಹತ್ತಿಸೋ ಪ್ರೈಮರ್ ಚಪ್ಪಟೆ, ಕೇಸ್ (ತೋಟಾದ ಲೋಹದ ಕೊಳವೆ) ತಳದಲ್ಲಿ ಅದನ್ನ ಹೊರಗೆ ತಳ್ಳೋ ಎಜೆಕ್ಟರ್‌ನ ಗುರುತು ಹೊಳೀತಿದೆ, ಎರಡೂ ಒತ್ತಡ ಜಾಸ್ತಿಯಾದ ಲಕ್ಷಣ. ಕೈಕಾಲು ನಡುಗಿಹೋಯ್ತು. .308ಕ್ಕೆ ಇಟ್ಟಿರೋ ಒತ್ತಡದ ಮಿತಿ 62,000 ಪಿಎಸ್ಐ (ಚದರ ಇಂಚಿಗೆ ಪೌಂಡ್), ನಾನು ಅದನ್ನ ದಾಟಿಬಿಟ್ಟಿದ್ದೆ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ನನ್ನ ಮುಖ ಇದ್ದಿದ್ದು ಆ ಬೋಲ್ಟ್‌ನಿಂದ ಒಂದು ಗೇಣು ಹಿಂದೆ.

ಚಾರ್ಜ್ (ತೂಗಿ ಹಾಕಿದ ಮದ್ದು) ಅದೇ, ಬುಲೆಟ್ ಅದೇ, ಬದಲಾಗಿದ್ದು ಬಿಸಿಲು ಮಾತ್ರ. 1884ರಲ್ಲಿ ಫ್ರಾನ್ಸಿನ ಪೌಲ್ ವಿಯೇ ಹೊಗೆಯಿಲ್ಲದ ಮದ್ದು ಮಾಡಿದಾಗ್ಲಿಂದ ಇವತ್ತಿನವರೆಗೂ ಮೂಲ ನೈಟ್ರೋಸೆಲ್ಯುಲೋಸೇ, ಅದಕ್ಕೆ ನೈಟ್ರೋಗ್ಲಿಸರಿನ್ ಸೇರಿಸಿದ್ರೆ ಡಬಲ್ ಬೇಸ್. ಡಬಲ್ ಬೇಸ್‌ನಲ್ಲಿ ಶಕ್ತಿ ಜಾಸ್ತಿ, ಜೊತೆಗೆ ಬಿಸೀನೂ ಜಾಸ್ತಿ, ಬ್ಯಾರೆಲ್ ಗಂಟಲು ಬೇಗ ಸವೆಯುತ್ತೆ, ಸಾಮಾನ್ಯವಾಗಿ ಹವಾಮಾನಕ್ಕೆ ಕುಣಿಯೋದೂ ಅದೇ ಜಾಸ್ತಿ. ಪೌಡರ್ ಬಿಸಿಯಾದಷ್ಟೂ ಬೇಗ ಉರಿಯುತ್ತೆ, ಒತ್ತಡ ಏರುತ್ತೆ. ಆದ್ರೆ ಎಲ್ಲಾ ಪೌಡರೂ ಒಂದೇ ಅಲ್ಲ, ಆಸ್ಟ್ರೇಲಿಯಾದಲ್ಲಿ ತಯಾರಾಗಿ ಅಮೆರಿಕದ ಹಾಜ್ಡನ್ ಕಂಪನಿ ಹೆಸರಲ್ಲಿ ಬರೋ ವಾರ್ಗೆಟ್, ಎಚ್4350 ಇವೆರಡನ್ನ .308, 6.5 ಕ್ರೀಡ್‌ಮೂರ್ ತೋಟಾ ಹೊಡೆಯೋರು ಅಷ್ಟು ಮೆಚ್ಕೊಳ್ಳೋಕೆ ದೊಡ್ಡ ಕಾರಣ ಚಳಿ ಬಿಸಿಲಿಗೆ ಅವು ಅಷ್ಟಾಗಿ ಜಗ್ಗಲ್ಲ ಅನ್ನೋದು. ಇವಕ್ಕಿಂತ ಒಂದಷ್ಟು ವೇಗ ಜಾಸ್ತಿ ಕೊಡೋ ಪೌಡರ್ ಇದಾವೆ, ಇರ್ಲಿ ಬಿಡಿ. ಶಾಟ್‌ನಿಂದ ಶಾಟ್‌ಗೆ ಸೆಕೆಂಡಿಗೆ 30 ಅಡಿ ವ್ಯತ್ಯಾಸ ಬಂದ್ರೆ .308ರಲ್ಲಿ 1000 ಗಜದ ಹತ್ರ ಬುಲೆಟ್ ಒಂದು ಗೇಣಿಗೂ ಮೇಲೆ ಏರುಪೇರಾಗುತ್ತೆ, ಸರಾಸರಿ ವೇಗ ಎಷ್ಟಿದ್ರೆ ಏನು ಬಂತು?

ಕೇಸ್ ಎಷ್ಟು ತುಂಬುತ್ತೆ ಅನ್ನೋದನ್ನೂ ನೋಡ್ಬೇಕು, ಇದನ್ನ ಯಾರೂ ಹೇಳಲ್ಲ. ಅರ್ಧ ಖಾಲಿ ಇದ್ರೆ ಪೌಡರ್ ಒಂದ್ಸಲ ಪ್ರೈಮರ್ ಕಡೆ ಒರಗಿರುತ್ತೆ ಇನ್ನೊಂದ್ಸಲ ಬುಲೆಟ್ ಕಡೆ, ಬೆಂಕಿ ಹತ್ತೋದು ಪ್ರತಿಸಲ ಬೇರೆ ಥರ, ಅದಕ್ಕೆ ನಾನು ಕೇಸ್‌ನ ಭುಜದವರೆಗಾದ್ರೂ (ಕತ್ತಿನ ಕಡೆ ಸಣ್ಣಗಾಗೋ ಜಾಗ) ತುಂಬೋ ಪೌಡರನ್ನೇ ಹುಡುಕ್ತೀನಿ. ಕಡ್ಡಿ ಆಕಾರದ ಪೌಡರ್ ಅಳೆಯೋ ಯಂತ್ರದಲ್ಲಿ ಸಿಕ್ಕಾಕೊಳ್ಳುತ್ತೆ ನಿಜ, ಬಾಲ್ ಪೌಡರ್ ನೀರಿನ ಥರ ಇಳಿಯುತ್ತೆ, ಆದ್ರೆ ಗುರಿ ಮುಖ್ಯ ಆದೋರು ಪ್ರತಿ ಚಾರ್ಜ್ ತಕ್ಕಡೀಲಿ ತೂಗ್ತಾರೆ, ಸಮಯ ಹೋದ್ರೆ ಹೋಗ್ಲಿ.

ಇನ್ನು ನನಗೆ ನಿಜವಾಗ್ಲೂ ಭಯ ಹುಟ್ಟಿಸಿದ್ದು ನಿಮ್ಮ ಬರಹದಲ್ಲಿ ಬರೀ "4831 ಪೌಡರ್" ಅಂತ ಇದ್ದದ್ದು. ಯಾವ 4831? ಎರಡನೇ ಮಹಾಯುದ್ಧ ಮುಗಿದ್ಮೇಲೆ ಉಳಿದ ಮಿಲಿಟರಿ ಪೌಡರನ್ನ ಬ್ರೂಸ್ ಹಾಜ್ಡನ್ ಮಾರೋಕೆ ಶುರು ಮಾಡಿದ್ದು, ಎಚ್4831 ಹುಟ್ಟಿದ್ದೇ ಅಲ್ಲಿಂದ, ಎಷ್ಟೋ ವರ್ಷ ಆದ್ಮೇಲೆ ಡುಪಾಂಟ್ ಕಂಪನಿ ಐಎಂಆರ್ 4831 ಅಂತ ತಂತು, ನಂಬರ್ ಒಂದೇ ಆದ್ರೂ ಇದು ಅದಕ್ಕಿಂತ ಬೇಗ ಉರಿಯುತ್ತೆ. ಎಚ್4831ರ ಮ್ಯಾಕ್ಸಿಮಮ್ ಲೋಡ್ ನೋಡಿ ಇನ್ನೊಂದನ್ನ ಅಷ್ಟೇ ತೂಕ ಹಾಕಿದ್ರೆ ಒತ್ತಡ ಮಿತಿ ಮೀರಿ ಹೋಗ್ಬಹುದು. 4350 ಕಥೇನೂ ಹೀಗೇ, ಎಚ್ ಬೇರೆ ಐಎಂಆರ್ ಬೇರೆ. ಡಬ್ಬಿ ಮೇಲಿರೋ ಪೂರ್ತಿ ಹೆಸರು, ಮ್ಯಾನುವಲ್‌ನಲ್ಲಿರೋ ಪೂರ್ತಿ ಹೆಸರು ಅಕ್ಷರ ಅಕ್ಷರ ಹೊಂದ್ಬೇಕು. ಬರ್ನ್ ರೇಟ್ (ಉರಿಯೋ ವೇಗ) ಪಟ್ಟೀಲಿ ಅಕ್ಕಪಕ್ಕ ಇದೆ ಅಂತ ಒಂದರ ಲೆಕ್ಕ ಇನ್ನೊಂದಕ್ಕೆ ಹಾಕೋದೂ ಬೇಡ, ಆ ಪಟ್ಟಿ ಯಾವುದು ಮುಂದೆ ಯಾವುದು ಹಿಂದೆ ಅಂತ ಮಾತ್ರ ಹೇಳುತ್ತೆ, ಎಷ್ಟು ಅಂತರ ಅಂತ ಹೇಳಲ್ಲ. ಅದೇ ಪೌಡರ್ ಹೊಸ ಲಾಟ್ (ಬೇರೆ ಸಲ ತಯಾರಾದ ಸರಕು) ಬಂದ್ರೂ ನಾನು ಚಾರ್ಜ್ ಕಮ್ಮಿ ಮಾಡಿ ಮತ್ತೆ ಮೇಲೆ ಹತ್ತುತೀನಿ, ಬೆಂಚ್ ಮೇಲೆ ಒಂದೇ ಡಬ್ಬಿ ಇಡ್ತೀನಿ, ಕೆಲಸ ಮುಗಿದ ತಕ್ಷಣ ಉಳಿದಿದ್ದು ಅದೇ ಡಬ್ಬಿಗೆ ವಾಪಸ್.

ನಿಮ್ಮ ಬರಹ ಓದಿ ಹೊಸದಾಗಿ ಶುರು ಮಾಡೋ ಹುಡುಗರು ಇರ್ತಾರೆ, ಕತ್ತರಿಸಿ ಬೆಂಚ್ ಮುಂದೆ ಅಂಟಿಸ್ಕೊಂಡಿದ್ರೂ ಆಶ್ಚರ್ಯ ಇಲ್ಲ. ದಯವಿಟ್ಟು ಆ 4831 ಸಾಲಿಗೆ ಒಂದು ತಿದ್ದುಪಡಿ, ಅದೂ ಬರಹ ಬಂದಿದ್ದ ಅದೇ ಪುಟದಲ್ಲಿ, ಬೇಗ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ