ತಾಯಿ ಕಾರ್ಡಿನ ಆ ಅಂಕಿ ಮಗುವಿನ ಜೊತೆಗೂ ಹೋಗಲಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಮೂರನೇ ಕ್ಲಾಸಿಗೆ ಬರುವವರೆಗೂ ಅವಳ ಕಣ್ಣಿನಲ್ಲಿ ತೊಂದರೆ ಇದೆ ಅಂತ ನಮಗೆ ಗೊತ್ತೇ ಆಗಲಿಲ್ಲ. ಬೋರ್ಡ್ ಮೇಲಿನ ಅಕ್ಷರ ಸಲೀಸಾಗಿ ಓದುತ್ತಿದ್ದಳು. ಹೋಂವರ್ಕಿಗೆ ಕೂತರೆ ಮಾತ್ರ ಹತ್ತೇ ನಿಮಿಷಕ್ಕೆ ತಲೆನೋವು. ಬರೆಯೋಕೆ ಸೋಮಾರಿತನ ಅಂತ ನಾನೇ ಗದರಿದ್ದೇನೆ. ಕೊನೆಗೆ ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ದೊಡ್ಡ ಪ್ಲಸ್ ಪವರ್, ಅಂದರೆ ಹತ್ತಿರದ್ದು ನೋಡೋಕೆ ಕಷ್ಟ. ಎಡಗಣ್ಣು ಆಗಲೇ ಮಂದವಾಗಿತ್ತು. ಇನ್ನೂ ಮೊದಲೇ ಕರೆತರಬೇಕಿತ್ತು ಎಂದರು ಡಾಕ್ಟರು.

ಅವಳು ಹೊಟ್ಟೆಯಲ್ಲಿದ್ದಾಗ ನನಗೆ ಶುಗರ್ ಇತ್ತು. ಅದು ಗೊತ್ತಾಗಿದ್ದೇ ಎಂಟನೇ ತಿಂಗಳಲ್ಲಿ. ಅದಕ್ಕೆ ಮೊದಲು ಮೂರು ಸಲ ಚೆಕಪ್‌ಗೆ ಹೋಗಿದ್ದೆ, ಒಮ್ಮೆಯೂ ಗ್ಲುಕೋಸ್ ಕುಡಿಸಿ ನೋಡಿರಲಿಲ್ಲ. ಹೆರಿಗೆಯಾದ ಮೇಲೆ ಶುಗರ್ ಇಳಿಯಿತು. ಎಲ್ಲರೂ ಮರೆತೆವು.

ಶುಗರ್‌ನಿಂದಲೇ ಮಗಳ ಕಣ್ಣು ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಒಂದು ಮಗುವನ್ನು ನೋಡಿ ಹಾಗೆ ಹೇಳಲು ಯಾರಿಗೂ ಆಗದು. ಆದರೆ ಡೆನ್ಮಾರ್ಕ್‌ನಲ್ಲಿ 1977ರಿಂದ 2016ರವರೆಗೆ ಹುಟ್ಟಿದ ಸುಮಾರು 24 ಲಕ್ಷ 70 ಸಾವಿರ ಮಕ್ಕಳ ದಾಖಲೆ ನೋಡಿದ್ದಾರೆ. ಅದು 2021ರಲ್ಲಿ ಪ್ರಕಟವಾಯಿತು. ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಿಗೆ, ಅದು ಮೊದಲೇ ಇದ್ದದ್ದಿರಲಿ, ಬಸಿರಿನಲ್ಲಿ ಬಂದದ್ದಿರಲಿ, ಕಣ್ಣಿಗೆ ದೊಡ್ಡ ಪವರ್ ಬರುವ ಅಪಾಯ ಶೇ. 39ರಷ್ಟು ಜಾಸ್ತಿ ಇತ್ತು. ಕಾಯಿಲೆಯಿಂದ ತಾಯಿಗೇ ಬೇರೆ ತೊಂದರೆಗಳು ಆಗಿದ್ದರೆ ಎರಡು ಪಟ್ಟು. ಚಿಕ್ಕ ವಯಸ್ಸಿನಲ್ಲಿ ಹತ್ತಿರದ್ದು ಕಾಣದ ತೊಂದರೆ ಜಾಸ್ತಿ, ದೊಡ್ಡವರಾದ ಮೇಲೆ ದೂರದ್ದು.

ಬಸುರಿಯರು ಇದನ್ನು ಓದಿ ಹೆದರಬೇಡಿ. ಅಂಥ ತಾಯಂದಿರ 56,419 ಮಕ್ಕಳಲ್ಲಿ ಈ ತೊಂದರೆ ಪತ್ತೆಯಾದದ್ದು 553 ಮಕ್ಕಳಿಗೆ. ಅಂದರೆ ನೂರಕ್ಕೆ ಒಂದು. ಆದರೆ ಆ ಒಂದು ಮಗುವನ್ನು ಹುಡುಕುವುದು ಕಷ್ಟವಲ್ಲ. ಎಲ್ಲಿ ಹುಡುಕಬೇಕು ಅಂತ ನಮಗೆ ಗೊತ್ತಿದೆ ಅಲ್ವಾ?

ಸಾರ್, ಹೊಸ ಯೋಜನೆ ಬೇಕು ಅಂತ ಈ ಪತ್ರ ಬರೆಯುತ್ತಿಲ್ಲ. ಇರುವುದೇ ಬೇಕಾದಷ್ಟಿದೆ. ಬಸುರಿಗೆ ಮೊದಲ ಭೇಟಿಯಲ್ಲೇ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಬೇಕು, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ ನೋಡಬೇಕು, 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಶುಗರ್ ಎಂದು ಚಿಕಿತ್ಸೆ ಶುರುಮಾಡಬೇಕು ಎಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ಊಟಕ್ಕೆ ಮೊದಲೋ ಆಮೇಲೋ ಎಂಬ ಕಟ್ಟಳೆಯೂ ಇಲ್ಲ. ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ನಡೆಯುತ್ತದೆ. ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು.

ಆದರೆ ತಾಯಿಯ ಶುಗರ್ ಎಷ್ಟಿತ್ತು ಅನ್ನುವುದು ಈ ತಂಡಕ್ಕೆ ಗೊತ್ತಾಗುವುದು ಹೇಗೆ? ಆ ಅಂಕಿ ತಾಯಿ ಕಾರ್ಡಿನಲ್ಲೇ ಉಳಿಯುತ್ತದೆ. ಹೆರಿಗೆಯಾದ ಮೇಲೆ ಆ ಕಾರ್ಡ್ ತೆಗೆಯುವುದು ಲಸಿಕೆ ಹಾಕಿಸುವಾಗ ಮಾತ್ರ. ಹಿಂದಿನ ಪುಟ ಯಾರೂ ತಿರುಗಿಸುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ತಾಯಿಗೆ ಶುಗರ್ ಇತ್ತು ಅನ್ನುವುದನ್ನು ಮಗುವಿನ ಅಂಗನವಾಡಿ ದಾಖಲೆಯಲ್ಲಿ ಬರೆಸಿ. ಅಂಥ ಮಗುವಿಗೆ ಶಾಲೆ ಸೇರುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ಒಮ್ಮೆ ಕಣ್ಣು ನೋಡಿಸಿ. ಗೋಡೆಗೆ ಚಾರ್ಟ್ ಹಾಕಿ ಓದಿಸಿದರೆ ಸಾಲದು. ನನ್ನ ಮಗಳು ಆ ಚಾರ್ಟನ್ನು ಸಲೀಸಾಗಿ ಓದಿದ್ದಳು! ಮಂದವಾದ ಕಣ್ಣನ್ನು ಏಳೆಂಟು ವರ್ಷದೊಳಗೆ ಹಿಡಿದರೆ ಸರಿಮಾಡುವುದು ಸುಲಭ. ಆಮೇಲೆ ದಿನವೂ ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟಿ, ಅಳುವ ಮಗುವನ್ನು ಕೂರಿಸಿಕೊಂಡು ಓದಿಸಿದರೂ ಫಲ ಕಡಿಮೆ. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ.

ನನ್ನ ತಂಗಿಗೆ ಈಗ ಆರು ತಿಂಗಳು. ಹೋದ ವಾರ ಗ್ಲುಕೋಸ್ ಪರೀಕ್ಷೆ ಮಾಡಿಸಿದೆವು, 158 ಬಂದಿದೆ. ಆಶಾ ಅಕ್ಕ ಅದನ್ನು ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಟ್ಟಿದ್ದಾರೆ. ಆ ಮಗು ಅಂಗನವಾಡಿ ಸೇರುವ ಹೊತ್ತಿಗೆ ನಿಮ್ಮ ಇಲಾಖೆಯ ಆದೇಶವೂ ಅಲ್ಲಿಗೆ ತಲುಪಿರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ತಾಯಿ