ರಷ್ಯನ್, ಉಕ್ರೇನಿಯನ್: 'ಎರಡೂ ಒಂದೇ' ಅನ್ನುವ ಮುನ್ನ

ಮಾನ್ಯ ಸಂಪಾದಕರೇ,

ಉಕ್ರೇನ್ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ, ಭಾಷೆಯೂ ಹೆಚ್ಚುಕಮ್ಮಿ ಒಂದೇ, ಇದು ಅಣ್ಣತಮ್ಮಂದಿರ ಜಗಳ ಅಂತ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಇದು ಸುಮ್ನೆ ಆಡಿಬಿಡುವ ಮಾತಲ್ಲ. 2021ರ ಜುಲೈನಲ್ಲಿ ರಷ್ಯಾದ ಅಧ್ಯಕ್ಷ ಪುಟಿನ್ ಉದ್ದದ ಲೇಖನವೊಂದನ್ನು ಬರೆದು ಇದನ್ನೇ ವಾದಿಸಿದರು. ಏಳು ತಿಂಗಳ ಮೇಲೆ, 2022ರ ಫೆಬ್ರುವರಿ 24ಕ್ಕೆ, ಅವರ ಸೇನೆ ಗಡಿ ದಾಟಿ ಒಳಗೆ ನುಗ್ಗಿತು. ಹಾಗಾಗಿ 'ಎರಡೂ ಒಂದೇ' ಅಂತ ನಾವು ಬರೆಯುವಾಗ ನಮಗೆ ಗೊತ್ತಿಲ್ಲದೆಯೇ ಒಂದು ಪಕ್ಷದ ಮಾತನ್ನು ಅಚ್ಚು ಹಾಕುತ್ತಿರುತ್ತೇವೆ.

ಮೊದಲು ಭಾಷೆಯನ್ನೇ ನೋಡೋಣ.

ಎರಡೂ ಪೂರ್ವ ಸ್ಲಾವಿಕ್ ಗುಂಪಿನ ಭಾಷೆಗಳು, ಬೆಲರೂಸಿಯನ್ ಕೂಡ ಅದೇ ಗುಂಪಿನದು. ಎರಡಕ್ಕೂ ಸಿರಿಲಿಕ್ ಲಿಪಿ, ಎರಡರಲ್ಲೂ 33 ಅಕ್ಷರ. ದೂರದಿಂದ ನೋಡುವವರಿಗೆ ಒಂದೇ ಥರ ಕಾಣುವುದು ಸಹಜ. ಆದರೆ ಆ 33 ಅಕ್ಷರಗಳೇ ಒಂದೇ ಅಲ್ಲ. ಉಕ್ರೇನಿಯನ್ನಿನಲ್ಲಿ ಇರುವ ನಾಲ್ಕು ಅಕ್ಷರ ರಷ್ಯನ್ನಿನಲ್ಲಿಲ್ಲ, ಅಲ್ಲಿನ ನಾಲ್ಕು ಇಲ್ಲಿಲ್ಲ. ಒಂದೇ ಅಕ್ಷರ ಎರಡರಲ್ಲೂ ಇದ್ದರೂ ಉಚ್ಚಾರ ಬೇರೆಯಾಗುವುದುಂಟು. ರಷ್ಯನ್ನರು 'ಗ' ಅಂತ ಓದುವ ಅಕ್ಷರವನ್ನು ಉಕ್ರೇನಿಯನ್ನರು 'ಹ' ಅಂತ ಓದುತ್ತಾರೆ. ಅದಕ್ಕೇ ಒಂದೇ ಊರು ಸುದ್ದಿಯಲ್ಲಿ ಒಮ್ಮೆ ಲುಗಾನ್ಸ್ಕ್, ಇನ್ನೊಮ್ಮೆ ಲುಹಾನ್ಸ್ಕ್ ಆಗಿ ಬರುವುದು.

ಇನ್ನು ಓದುವ ರೀತಿ. ಹಾಲಿಗೆ ಎರಡು ಭಾಷೆಯಲ್ಲೂ ಬರೆಯುವುದು 'ಮೊಲೊಕೊ' ಅಂತಲೇ. ಉಕ್ರೇನಿಯನ್ನರು ಬರೆದ ಹಾಗೇ ಓದುತ್ತಾರೆ, ಮಾಸ್ಕೋದವರ ಬಾಯಲ್ಲಿ ಅದು 'ಮಲಕೋ' ಆಗುತ್ತದೆ. ಒತ್ತು ಬೀಳದ 'ಒ'ಕಾರ ರಷ್ಯನ್ನಿನಲ್ಲಿ 'ಅ'ಕಾರದ ಕಡೆ ಜಾರುತ್ತದೆ. ಬೆಕ್ಕಿಗೆ ರಷ್ಯನ್ನಿನಲ್ಲಿ 'ಕೋತ್', ಉಕ್ರೇನಿಯನ್ನಿನಲ್ಲಿ 'ಕಿತ್'. ರಷ್ಯನ್ನರ ಕಿವಿಗೆ 'ಕಿತ್' ಅಂದರೆ ತಿಮಿಂಗಿಲ. 'ನೆದೇಲ್ಯ' ಅಂದರೆ ರಷ್ಯನ್ನರಿಗೆ ಒಂದು ವಾರ, ಅದೇ ಮೂಲದ 'ನೆದಿಲ್ಯ' ಉಕ್ರೇನಿಯನ್ನರಿಗೆ ಭಾನುವಾರ ಮಾತ್ರ. ವಾರಕ್ಕೆ ಅವರಲ್ಲಿ 'ತಿಝ್ದೆನ್' ಅಂತ ಬೇರೆಯೇ ಪದ ಇದೆ.

ದಿನಬಳಕೆಯ ಮಾತಿನಲ್ಲಿ ಅಂತರ ಇನ್ನೂ ಜಾಸ್ತಿ. ರಷ್ಯನ್ನರ ಧನ್ಯವಾದ 'ಸ್ಪಸೀಬ', ಉಕ್ರೇನಿಯನ್ನರದು 'ದ್ಯಾಕುಯು'. ಹೌದು ಅನ್ನಲು ಅವರದು 'ದಾ', ಇವರದು 'ತಾಕ್'. ನಗರ ಅವರಿಗೆ 'ಗೋರದ್', ಇವರಿಗೆ 'ಮಿಸ್ತೊ'. ಉಕ್ರೇನಿಯನ್ನಿನ ಈ ಮೂರು ಪದಗಳನ್ನೂ ಪೋಲೆಂಡಿನವರ ಮುಂದೆ ಹೇಳಿದರೆ ತಟ್ಟನೆ ಗುರುತು ಹಿಡಿಯುತ್ತಾರೆ. ಪದಸಂಪತ್ತಿನ ಲೆಕ್ಕದಲ್ಲಿ ಉಕ್ರೇನಿಯನ್ ರಷ್ಯನ್ನಿಗಿಂತ ಬೆಲರೂಸಿಯನ್ನಿಗೆ, ಪೋಲಿಷ್‌ಗೆ ಹತ್ತಿರ. ವ್ಯಾಕರಣದಲ್ಲಿ ಎರಡು ಬಹಳ ಹತ್ತಿರ ಅನ್ನುವುದು ನಿಜ. ಆದರೂ ಅಲ್ಲೊಂದು ಸಂಗತಿ ನಮಗೆ ಬೇಗ ಅರ್ಥವಾಗುವಂಥದ್ದು. ಕರೆಯುವಾಗ ಹೆಸರಿನ ರೂಪ ಬದಲಾಗುತ್ತದಲ್ಲ, ಆ ಸಂಬೋಧನಾ ವಿಭಕ್ತಿ ಉಕ್ರೇನಿಯನ್ನಿನಲ್ಲಿ ಇವತ್ತಿಗೂ ಜೀವಂತವಾಗಿದೆ. ಇವಾನ್‌ನನ್ನು ಕರೆಯುವಾಗ 'ಇವಾನೆ' ಅನ್ನುತ್ತಾರೆ, ಅಮ್ಮನನ್ನು 'ಮಾಮೊ' ಅನ್ನುತ್ತಾರೆ. ರಷ್ಯನ್ನಿನಲ್ಲಿ ಅದು ಹೆಚ್ಚುಕಮ್ಮಿ ಅಳಿದುಹೋಗಿದೆ, ದೇವರನ್ನು ಕರೆಯುವಂಥ ಕೆಲವು ಹಳೆಯ ಮಾತುಗಳಲ್ಲಿ ಉಳಿದುಕೊಂಡಿದೆ ಅಷ್ಟೆ.

ತಿಂಗಳ ಹೆಸರುಗಳು ನನಗೆ ತುಂಬ ಇಷ್ಟ. ರಷ್ಯನ್ನಿನಲ್ಲಿ ಯನ್ವಾರ್, ಫೆವ್ರಾಲ್ ಅಂತ ಲ್ಯಾಟಿನ್ನಿನಿಂದ ಬಂದ ಹೆಸರುಗಳು, ಇಂಗ್ಲಿಷಿನ ಹಾಗೆಯೇ. ಉಕ್ರೇನಿಯನ್ನರು ತಮ್ಮ ನೆಲದ ಹಳೆಯ ಹೆಸರುಗಳನ್ನೇ ಉಳಿಸಿಕೊಂಡಿದ್ದಾರೆ. ಏಪ್ರಿಲ್‌ಗೆ 'ಕ್ವಿತೆನ್', ಹೂವಿನ ತಿಂಗಳು. ಮೇ ಬಂದರೆ 'ತ್ರಾವೆನ್', ಹುಲ್ಲಿನದು. ಆಗಸ್ಟ್ 'ಸೆರ್ಪೆನ್', ಕುಡುಗೋಲು ಹಿಡಿದು ಕೊಯ್ಲು ಮಾಡುವ ಕಾಲ. ನವೆಂಬರ್ 'ಲಿಸ್ತೊಪಾದ್', ಎಲೆ ಉದುರುವ ತಿಂಗಳು. ಗೋಧಿ ಬೆಳೆಯುವ ಬಯಲು ನಾಡಿನ ವರ್ಷ ಹೇಗಿರುತ್ತದೆ ಅಂತ ಆ ಕ್ಯಾಲೆಂಡರ್ ನೋಡಿದರೇ ಗೊತ್ತಾಗುತ್ತದೆ.

'ಆದರೆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತೆ ಅಂತಾರಲ್ವಾ?' ಅಂತ ಕೇಳುವವರಿದ್ದಾರೆ. ಇಲ್ಲೇ ಇರುವುದು ಮುಖ್ಯ ವಿಷಯ. ಉಕ್ರೇನಿಯನ್ನರಲ್ಲಿ ಬಹುತೇಕರಿಗೆ ರಷ್ಯನ್ ಬರುತ್ತದೆ. ಶಾಲೆ, ಸೈನ್ಯ, ಕಾರ್ಖಾನೆ, ಟಿವಿ, ಸೋವಿಯತ್ ಕಾಲದಲ್ಲಿ ಮೇಲೆ ಬರಬೇಕೆಂದರೆ ರಷ್ಯನ್ ಬೇಕೇಬೇಕಿತ್ತು. ರಷ್ಯನ್ನರು ಉಕ್ರೇನಿಯನ್ ಕಲಿಯಬೇಕಾದ ಸಂದರ್ಭವೇ ಬರಲಿಲ್ಲ. ಉಕ್ರೇನಿಯನ್ ಕೇಳಿ ಅಭ್ಯಾಸವಿಲ್ಲದ ರಷ್ಯನ್ನರಿಗೆ ವೇಗವಾಗಿ ಆಡಿದ ಉಕ್ರೇನಿಯನ್ ಮಾತಿನ ಎಳೆ ಬೇಗ ತಪ್ಪಿಹೋಗುತ್ತದೆ. ಅಂದರೆ ಈ 'ಅರ್ಥವಾಗುವುದು' ಎರಡೂ ಕಡೆ ಸಮನಾಗಿಲ್ಲ. ಅದಕ್ಕೆ ಭಾಷೆಗಳ ಹತ್ತಿರದ ನಂಟು ಎಷ್ಟು ಕಾರಣವೋ, ಒಂದು ಭಾಷೆ ನೂರಾರು ವರ್ಷ ಆಳುವವರ ಭಾಷೆಯಾಗಿದ್ದದ್ದೂ ಅಷ್ಟೇ ಕಾರಣ.

ಆ ಆಳ್ವಿಕೆ ಹೇಗಿತ್ತು ಅನ್ನುವುದನ್ನು ಎರಡು ಇಸವಿಗಳಲ್ಲಿ ಹೇಳಬಹುದು. 1863ರಲ್ಲಿ ರಷ್ಯಾ ಸಾಮ್ರಾಜ್ಯದ ಗೃಹಮಂತ್ರಿ ವಲುಯೆವ್ ಹೊರಡಿಸಿದ ಸುತ್ತೋಲೆಯಲ್ಲಿ, ಇಂಥ ಬೇರೆ ಭಾಷೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರಲಾರದು ಎಂಬ ಅಭಿಪ್ರಾಯವನ್ನು ಎತ್ತಿ ಹೇಳಿ, ಉಕ್ರೇನಿಯನ್ನಿನಲ್ಲಿ ಧಾರ್ಮಿಕ ಪುಸ್ತಕ, ಪಠ್ಯಪುಸ್ತಕ ಅಚ್ಚು ಹಾಕುವುದನ್ನು ತಡೆದರು. 1876ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಎಂಬ ಊರಿನಲ್ಲಿದ್ದಾಗ ಇನ್ನೂ ಕಠಿಣ ಆಜ್ಞೆಗೆ ಸಹಿ ಹಾಕಿದರು. ಹೊರಗಿನಿಂದ ಉಕ್ರೇನಿಯನ್ ಪುಸ್ತಕ ತರುವ ಹಾಗಿಲ್ಲ, ನಾಟಕ ಆಡುವ ಹಾಗಿಲ್ಲ. ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಲ್ವಿವ್ ನಗರಕ್ಕೆ ಈ ನಿಷೇಧ ತಟ್ಟಲಿಲ್ಲ, ಆದ್ದರಿಂದ ಪುಸ್ತಕಗಳು ಅಲ್ಲಿ ಅಚ್ಚಾದವು. ಸೋವಿಯತ್ ಕಾಲದಲ್ಲೂ 1933ರಲ್ಲಿ ಕಾಗುಣಿತ ತಿದ್ದಿ, ಉಕ್ರೇನಿಯನ್ನಿನ 'ಗ' ಧ್ವನಿಯ ಅಕ್ಷರವೊಂದನ್ನು ವರ್ಣಮಾಲೆಯಿಂದಲೇ ತೆಗೆದುಹಾಕಿದರು. ಅದು ವಾಪಸ್ ಬಂದದ್ದು 1990ರಲ್ಲಿ. ಅದೇ 1932-33ರಲ್ಲಿ ಹೊಲೊದೊಮೋರ್ ಎಂಬ ಸರ್ಕಾರವೇ ತಂದ ಬರಗಾಲದಲ್ಲಿ ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಬೇರೆ ಭಾಷೆಯೇ ಅಲ್ಲದಿದ್ದರೆ ಅದನ್ನು ತಡೆಯಲು ಇಷ್ಟೆಲ್ಲ ಆಜ್ಞೆ ಯಾಕೆ ಬೇಕಿತ್ತು?

ಇನ್ನು ಜನ, ನಡವಳಿಕೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. 'ರಷ್ಯನ್ನರು ಗಂಭೀರ, ಉಕ್ರೇನಿಯನ್ನರು ಹಾಡು-ಹಾಸ್ಯದವರು' ಅಂತೆಲ್ಲ ಬರೆಯುವುದನ್ನು ನಾನು ನಂಬುವುದಿಲ್ಲ. ಕೋಟಿಗಟ್ಟಲೆ ಜನರಿಗೆ ಒಂದೇ ಸ್ವಭಾವ ಅಂಟಿಸಲಾಗುವುದಿಲ್ಲ. ರಷ್ಯಾದಲ್ಲಂತೂ ತಾತಾರರು, ಚೆಚೆನ್ನರು, ಬುರ್ಯಾತರು ಎಲ್ಲ ಇದ್ದಾರೆ, ಅವರೆಲ್ಲ ರಷ್ಯಾದ ಪ್ರಜೆಗಳು, ಆದರೆ ಜನಾಂಗದಿಂದ ರಷ್ಯನ್ನರಲ್ಲ. ಹೆಸರು ನೋಡಿ ಅಳೆಯುವುದೂ ಆಗದ ಮಾತು. 'ಎಂಕೊ' ಅಂತ ಕೊನೆಯಾದರೆ ಉಕ್ರೇನಿಯನ್, 'ಒವ್' ಅಂತ ಕೊನೆಯಾದರೆ ರಷ್ಯನ್ ಅನ್ನುವುದು ಮೂಲದ ಮಟ್ಟಿಗೆ ಸರಿ, ಆದರೆ ಇವತ್ತು ಎರಡೂ ದೇಶದಲ್ಲಿ ಎರಡೂ ಥರದ ಹೆಸರಿನವರು ಬೇಕಾದಷ್ಟಿದ್ದಾರೆ.

ಕಾಣುವ ವ್ಯತ್ಯಾಸಗಳೂ ಇವೆ. ಮರ್ಯಾದೆಯಿಂದ ಕರೆಯುವಾಗ ರಷ್ಯನ್ನರು ಹೆಸರಿನ ಜೊತೆ ತಂದೆಯ ಹೆಸರು ಸೇರಿಸುತ್ತಾರೆ, ಇವಾನ್ ಪೆತ್ರೊವಿಚ್ ಅಂದರೆ ಪೆತ್ರನ ಮಗ ಇವಾನ್. ಉಕ್ರೇನಿನಲ್ಲೂ ಈ ಪದ್ಧತಿ ಇದೆ, ಆದರೆ ಅದರ ಜೊತೆಗೆ ಗಂಡಸರಿಗೆ 'ಪಾನ್', ಹೆಂಗಸರಿಗೆ 'ಪಾನಿ' ಅನ್ನುವುದು ಚೆನ್ನಾಗಿ ಬಳಕೆಯಲ್ಲಿದೆ. ರಷ್ಯಾದಲ್ಲಿ ಕ್ರಾಂತಿಯ ನಂತರ ಹಳೆಯ ಗೌರವದ ಮಾತು ಹೋಯಿತು, ಸೋವಿಯತ್ ಒಕ್ಕೂಟ ಹೋದ ಮೇಲೆ 'ಕಾಮ್ರೇಡ್' ಕೂಡ ಹೋಯಿತು, ಈಗ ದಾರಿಯಲ್ಲಿ ಅಪರಿಚಿತರನ್ನು 'ಹುಡುಗೀ', 'ಯುವಕಾ' ಅನ್ನುವ ಅರ್ಥದ ಮಾತುಗಳಿಂದ ಕರೆಯಬೇಕಾಗುತ್ತದೆ. ಉಕ್ರೇನಿನ ಹಳ್ಳಿಗಳಲ್ಲಿ ಮಕ್ಕಳು ಅಪ್ಪ ಅಮ್ಮನಿಗೆ 'ನೀವು' ಅನ್ನುವ ರೂಢಿ ಹಿಂದಿನಿಂದ ಇತ್ತು, ಕೆಲವು ಕಡೆ ಈಗಲೂ ಇದೆ. ಹಳೆಯ ಮನೆಗಳೂ ಬೇರೆ. ಕಾಡಿನ ನಾಡಾದ ರಷ್ಯಾದಲ್ಲಿ ಮರದ ದಿಮ್ಮಿ ಜೋಡಿಸಿದ 'ಇಝ್ಬಾ', ಬಯಲಿನ ಉಕ್ರೇನಿನಲ್ಲಿ ಮಣ್ಣು ಮೆತ್ತಿ ಸುಣ್ಣ ಬಳಿದ 'ಹಾತಾ'. ಮದುವೆ ಪ್ರಸ್ತಾಪ ಒಪ್ಪಿಗೆಯಾಗದಿದ್ದರೆ ಹುಡುಗಿಯ ಕಡೆಯವರು ಹುಡುಗನ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸುವುದು ಉಕ್ರೇನಿನ ಹಳೆಯ ಪದ್ಧತಿ. 'ಕುಂಬಳಕಾಯಿ ಸಿಕ್ಕಿತು' ಅಂದರೆ ಇಲ್ಲ ಅಂದರು ಅಂತಲೇ ಅರ್ಥ. ಕಸೂತಿಯ ಅಂಗಿ 'ವಿಶಿವಾಂಕ'ಕ್ಕೆ ಮೇ ತಿಂಗಳ ಮೂರನೇ ಗುರುವಾರ ಒಂದು ದಿನವೇ ಮೀಸಲು. ಕಚೇರಿಗೂ ಕಾಲೇಜಿಗೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ.

ಹಬ್ಬದ ವಿಷಯಕ್ಕೆ ಬಂದರೆ, ಕ್ರಾಂತಿ ಮಾಡಿ ಅಧಿಕಾರ ಹಿಡಿದ ಕಮ್ಯುನಿಸ್ಟರು, ಅಂದರೆ ಬೊಲ್ಶೆವಿಕರು, ಕ್ರಿಸ್ಮಸ್ಸನ್ನು ಹತ್ತಿಕ್ಕಿ, 1935ರ ಕೊನೆಯಲ್ಲಿ ಅಲಂಕಾರದ ಮರವನ್ನು ಹೊಸವರ್ಷದ ಹೆಸರಿನಲ್ಲಿ ವಾಪಸ್ ತಂದರು. ಅದರಿಂದಾಗಿ ರಷ್ಯಾದಲ್ಲಿ ಇವತ್ತಿಗೂ ದೊಡ್ಡ ಹಬ್ಬ ಹೊಸವರ್ಷವೇ, ಮಕ್ಕಳಿಗೆ ಉಡುಗೊರೆ ತರುವುದು 'ದೇದ್ ಮರೋಸ್' ಎಂಬ ಹಿಮದ ಅಜ್ಜ. ಉಕ್ರೇನಿನಲ್ಲೂ ಹೊಸವರ್ಷ ಜೋರಾಗಿಯೇ ನಡೆಯುತ್ತದೆ, ಆದರೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಬೇರೆಯೇ ಸ್ಥಾನ. ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರಬೇಕು, ಮಾಂಸವಿಲ್ಲದ ಹನ್ನೆರಡು ಬಗೆ ಇರಬೇಕು. ಎಲ್ಲಕ್ಕಿಂತ ಮೊದಲು ಬೇಯಿಸಿದ ಗೋಧಿಗೆ ಗಸಗಸೆ, ಜೇನು ಸೇರಿಸಿ ಮಾಡಿದ 'ಕುತ್ಯಾ'. ಮನೆಯ ಮೂಲೆಯಲ್ಲಿ ಗೋಧಿಯ ಸಿವುಡೊಂದನ್ನು ನಿಲ್ಲಿಸುತ್ತಾರೆ, ತೀರಿಹೋದ ಹಿರಿಯರು ಅದರಲ್ಲಿ ಮನೆಗೆ ಬರುತ್ತಾರೆ ಅನ್ನುವ ನಂಬಿಕೆ. 2023ರಲ್ಲಿ ಉಕ್ರೇನ್ ಕಾನೂನು ತಂದು ಕ್ರಿಸ್ಮಸ್ ರಜೆಯನ್ನು ಜನವರಿ 7ರಿಂದ ಡಿಸೆಂಬರ್ 25ಕ್ಕೆ ಬದಲಿಸಿತು, ಉಕ್ರೇನಿನ ಆರ್ಥೊಡಾಕ್ಸ್ ಚರ್ಚೂ ಅದೇ ವರ್ಷ ಹೊಸ ಕ್ಯಾಲೆಂಡರಿಗೆ ಬಂತು. ರಷ್ಯಾದಲ್ಲಿ ಹಬ್ಬ ಈಗಲೂ ಜನವರಿ 7ಕ್ಕೇ. ನೂರಾರು ವರ್ಷದ ಹಬ್ಬದ ದಿನವನ್ನೇ ಬದಲಿಸಿಕೊಳ್ಳುವಷ್ಟು ಮನಸ್ಸು ಮುರಿದಿದೆ ಅಂದರೆ ಅದು ಸಣ್ಣ ಸಂಗತಿಯಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೀಟ್ರೂಟ್ ಹಾಕಿ ಮಾಡುವ ಬೋರ್ಶ್ ಯಾರದ್ದು ಅನ್ನುವ ಜಗಳ ಹಳೆಯದು. ಉಕ್ರೇನಿನ ಬೋರ್ಶ್ ಅಡುಗೆ ಪದ್ಧತಿಯನ್ನು ಯುನೆಸ್ಕೊ 2022ರ ಜುಲೈನಲ್ಲಿ ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ರಷ್ಯನ್ನರೂ ಅದನ್ನು ಮನೆಯಲ್ಲಿ ಮಾಡಿ ಉಣ್ಣುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಎರಡೂ ಕಡೆ ಒಂದೇ ಆಗಿರುವ ರೂಢಿಗಳೂ ಬಹಳ. ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಬಾರದು. ಉಡುಗೊರೆಯ ಹೂವು ಬೆಸ ಸಂಖ್ಯೆಯಲ್ಲಿರಬೇಕು, ಸಮ ಸಂಖ್ಯೆ ಸಾವಿನ ಮನೆಗೆ. ದೂರದ ಪ್ರಯಾಣಕ್ಕೆ ಹೊರಡುವ ಮುಂಚೆ ಎಲ್ಲರೂ ಒಂದು ನಿಮಿಷ ಸುಮ್ಮನೆ ಕೂತು ಏಳಬೇಕು. ಇವನ್ನೆಲ್ಲ ಮುಚ್ಚಿಡಬೇಕು ಅಂತ ನಾನು ಹೇಳುತ್ತಿಲ್ಲ. ಹೋಲಿಕೆ ಇದ್ದ ಮಾತ್ರಕ್ಕೆ ಒಂದೇ ಜನ ಆಗುವುದಿಲ್ಲ, ಅಷ್ಟೆ.

ಈಗ ಇದರ ಎದುರಿನ ತಪ್ಪನ್ನೂ ಹೇಳಬೇಕು, ಅದೂ ಅಷ್ಟೇ ಅಪಾಯದ್ದು. ಉಕ್ರೇನಿನ ಭಾಷಾ ನಕ್ಷೆಗೆ ಎರಡು ಬಣ್ಣ ಬಳಿದು, ಪೂರ್ವದವರು ರಷ್ಯನ್ ಆಡುತ್ತಾರೆ, ಆದ್ದರಿಂದ ಅವರು ರಷ್ಯಾದ ಕಡೆಯವರು ಅಂತ ಬರೆಯುವುದು. 2001ರ ಜನಗಣತಿಯಲ್ಲಿ ಶೇ 67.5ರಷ್ಟು ಜನ ಉಕ್ರೇನಿಯನ್ನನ್ನು, ಶೇ 29.6ರಷ್ಟು ಜನ ರಷ್ಯನ್ನನ್ನು ತಾಯ್ನುಡಿ ಅಂದರು. ಆದರೆ ತಮ್ಮನ್ನು ರಷ್ಯನ್ ಜನಾಂಗದವರು ಅಂತ ಹೇಳಿಕೊಂಡವರು ಶೇ 17.3 ಮಾತ್ರ. ಅಂದರೆ ರಷ್ಯನ್ ಮಾತಾಡುತ್ತಲೇ 'ನಾನು ಉಕ್ರೇನಿಯನ್' ಅಂದವರು ಲಕ್ಷಗಟ್ಟಲೆ. ಅದಕ್ಕೂ ಹಿಂದೆ, 1991ರ ಡಿಸೆಂಬರ್ 1ರ ಜನಮತಗಣನೆಯಲ್ಲಿ ದೇಶದಲ್ಲಿ ಶೇ 90ಕ್ಕೂ ಜಾಸ್ತಿ ಮತ ಸ್ವಾತಂತ್ರ್ಯಕ್ಕೆ ಬಿತ್ತು. ಪೂರ್ವದ ದೊನೆತ್ಸ್ಕ್, ಲುಹಾನ್ಸ್ಕ್ ಪ್ರಾಂತ್ಯಗಳಲ್ಲೂ ಶೇ 80ಕ್ಕಿಂತ ಜಾಸ್ತಿ, ಕ್ರೈಮಿಯಾದಲ್ಲೂ ಅರ್ಧಕ್ಕಿಂತ ಜಾಸ್ತಿ. ಈಗಿನ ಅಧ್ಯಕ್ಷ ಝೆಲೆನ್ಸ್ಕಿ ಕ್ರಿವಿಯ್ ರಿಹ್‌ನವರು, ರಷ್ಯನ್ ಮಾತಿನ ಮನೆಯಲ್ಲೇ ಬೆಳೆದವರು.

ಎರಡನ್ನೂ ಬೆರೆಸಿ ಆಡುವವರೂ ಇದ್ದಾರೆ, ಆ ಬೆರಕೆ ಮಾತಿಗೆ 'ಸುರ್ಝಿಕ್' ಅಂತ ಹೆಸರು. ನಮ್ಮ ವಿದ್ಯಾರ್ಥಿಗಳು ಮೆಡಿಕಲ್ ಓದಲು ಹೋಗುತ್ತಿದ್ದ ಹಾರ್ಕಿವ್‌ನ ಬೀದಿಯಲ್ಲಿ ಕೇಳುತ್ತಿದ್ದದ್ದು ಹೆಚ್ಚಾಗಿ ರಷ್ಯನ್ನೇ. 2022ರಲ್ಲಿ ಬಾಂಬು ಬಿದ್ದದ್ದೂ ಆ ರಷ್ಯನ್ ಮಾತಿನ ಊರಿನ ಮೇಲೆಯೇ. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಹುಟ್ಟಿದಾಗಿನಿಂದ ಆಡಿದ ರಷ್ಯನ್ ಬಿಟ್ಟು, ತಡವರಿಸಿಕೊಂಡಾದರೂ ಉಕ್ರೇನಿಯನ್ ಆಡಲು ಶುರು ಮಾಡಿದರು. ಯುದ್ಧದ ಮೊದಲ ದಿನಗಳಲ್ಲಿ ಒಂದು ಬಗೆಯ ಬ್ರೆಡ್ಡಿನ ಹೆಸರು, 'ಪಲ್ಯಾನಿತ್ಸ್ಯಾ', ಶತ್ರುವನ್ನು ಗುರುತಿಸುವ ಪದವಾಯಿತು, ಯಾಕೆಂದರೆ ರಷ್ಯಾದಿಂದ ಬಂದವರ ನಾಲಗೆಗೆ ಅದು ಸರಿಯಾಗಿ ಹೊರಳುವುದಿಲ್ಲ. ಹಾಗಂತ ಎಲ್ಲರೂ ಭಾಷೆ ಬದಲಿಸಿಲ್ಲ. ರಷ್ಯನ್ ಆಡುತ್ತಲೇ ಉಕ್ರೇನಿನ ಸೇನೆಯಲ್ಲಿ ಹೋರಾಡುವವರಿದ್ದಾರೆ. ಅಂಗಡಿ, ಹೋಟೆಲುಗಳಲ್ಲಿ ಮೊದಲು ಉಕ್ರೇನಿಯನ್ನಿನಲ್ಲೇ ಮಾತಾಡಿಸಬೇಕು ಅನ್ನುವ 2019ರ ಭಾಷಾ ಕಾನೂನಿನ ಬಗ್ಗೆ ಅವರಲ್ಲೇ ವಾದವೂ ನಡೆದಿದೆ. ಆ ವಾದ ಅವರ ಮನೆಯ ವಾದ, ಅದನ್ನು ನೆಪ ಮಾಡಿಕೊಂಡು ಸೇನೆ ನುಗ್ಗಿಸುವ ಹಕ್ಕು ಯಾರಿಗೂ ಇಲ್ಲ.

ನಿಮ್ಮಲ್ಲಿ ನನ್ನ ಕೇಳಿಕೆ ಇಷ್ಟು. ವಿದೇಶಿ ಸುದ್ದಿಸಂಸ್ಥೆಯಿಂದ ಬಂದ ವರದಿ ಕನ್ನಡಕ್ಕೆ ತರುವಾಗ ಊರ ಹೆಸರುಗಳನ್ನು ಉಕ್ರೇನಿನವರು ಹೇಳುವ ಹಾಗೆಯೇ ಬರೆಯಿರಿ: ಕೀವ್, ಹಾರ್ಕಿವ್, ಲ್ವಿವ್, ಲುಹಾನ್ಸ್ಕ್. ಒಂದೇ ಪುಟದಲ್ಲಿ ಒಮ್ಮೆ ಕೀವ್, ಇನ್ನೊಮ್ಮೆ ಕಿಯೆವ್ ಬೇಡ. 'ರಷ್ಯನ್ ಭಾಷಿಕರು' ಅಂತ ಬರೆಯಬೇಕಾದ ಕಡೆ 'ರಷ್ಯನ್ನರು' ಅಂತ ಹಾಕಬೇಡಿ, 'ರಷ್ಯಾ ಪರ' ಅಂತಂತೂ ಹಾಕಲೇಬೇಡಿ. ಆಗುವುದಾದರೆ ಒಂದು ಭಾನುವಾರ, ಅಲ್ಲಿ ಓದಿ ಬಂದ ನಮ್ಮ ಹುಡುಗ ಹುಡುಗಿಯರಿಂದಲೇ ಅವರು ಕಂಡ ಊರು, ಮನೆ, ಮಾತಿನ ಬಗ್ಗೆ ಬರೆಸಿ. ಯಾವ ತಜ್ಞರ ಲೇಖನಕ್ಕಿಂತಲೂ ನಾನು ಅದನ್ನು ಮೊದಲು ಓದುತ್ತೇನೆ.

ಇಂತಿ ನಿಮ್ಮ,
ಒಬ್ಬ ಓದುಗ