ಕಳ್ಳ ನಿಮ್ಮ ಪರದೆಯಲ್ಲಿ ಕಂಡಿದ್ದ, ನಮಗೆ ಫೋನ್ ಮಾತ್ರ ಬರಲಿಲ್ಲ

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
(ಕಂಪನಿಯ ಹೆಸರು ಲಕೋಟೆಯ ಮೇಲಿದೆ)

ವಿಷಯ: ಆಯುಧ ಪೂಜೆಯ ರಾತ್ರಿ ನಮ್ಮ ಸರ್ವರ್‌ಗಳ ಮೇಲಾದ ದಾಳಿ ಮತ್ತು ನಿಮ್ಮ 24 ಗಂಟೆಗಳ ಕಂಪ್ಯೂಟರ್ ಕಾವಲು ಸೇವೆ

ಮಾನ್ಯರೇ,

ನಿನ್ನೆ ನಿಮ್ಮಿಂದ ಒಂದು ಇಮೇಲ್ ಬಂತು. ನಮ್ಮ ದೂರಿನ ಟಿಕೆಟ್ ಬಗೆಹರಿದಿದೆಯಂತೆ, ಹಾಗಾಗಿ ಮುಚ್ಚಿದ್ದೀರಂತೆ. ಕೆಳಗೆ ಐದು ನಕ್ಷತ್ರ. ‘ನಮ್ಮ ಸೇವೆಗೆ ಎಷ್ಟು ಕೊಡುತ್ತೀರಿ’ ಅಂತ ಪ್ರಶ್ನೆ. ನಮ್ಮ ಫೈಲ್ ಸರ್ವರ್ ಇನ್ನೂ ಮೇಜಿನ ಮೇಲೆ ಬಿಚ್ಚಿಟ್ಟ ಹಾಗೆ ಇದೆ. ಇಷ್ಟು ದಿನ ಫೋನಿನಲ್ಲಿ ಮರ್ಯಾದೆಯಾಗಿ ಕೇಳಿದ್ದಾಯಿತು. ಇನ್ನು ಬರವಣಿಗೆಯಲ್ಲೇ ಇರಲಿ.

ಒಪ್ಪಂದದ ಅನುಬಂಧ ಬರೆದವರು ನೀವೇ. ಗಂಭೀರ ಅಲರ್ಟ್ ಬಂದರೆ 15 ನಿಮಿಷದೊಳಗೆ ಫೋನ್, ಅದೂ ಯಾವ ಕ್ರಮದಲ್ಲಿ ಯಾರಿಗೆ, ಆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸುವ ಅಧಿಕಾರ ಯಾರದ್ದು, ಎಲ್ಲವೂ ಅದರಲ್ಲಿದೆ. ನಿಮ್ಮ ನಿಯಮ ನಿಮಗೇ ಬಿಡಿಸಿ ಹೇಳುವುದು ಚೆನ್ನಾಗಿರಲ್ಲ. ಆ ರಾತ್ರಿ ಏನಾಯಿತು ಅಂತ ಮಾತ್ರ ಹೇಳುತ್ತೇನೆ. ಇದು ನಮ್ಮ ಊಹೆಯಲ್ಲ. ನಿಮ್ಮದೇ ಪೋರ್ಟಲ್‌ನಿಂದ ಇಳಿಸಿಕೊಂಡ ಲಾಗ್, ಅಂದರೆ ಯಂತ್ರಗಳೇ ಬರೆದಿಟ್ಟ ದಾಖಲೆ.

ನಮ್ಮದು ಪೀಣ್ಯದಲ್ಲಿರುವ ಚಿಕ್ಕ ಕಾರ್ಖಾನೆ. ಯಂತ್ರದ ಬಿಡಿಭಾಗ ಮಾಡುತ್ತೇವೆ. ಆಯುಧ ಪೂಜೆಯ ದಿನ ಲೇತ್‌ಗೂ ಸರ್ವರ್‌ಗೂ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಹೋದೆವು. ಒಳಗೆ ಯಾರೂ ಇರಲಿಲ್ಲ. ಗೇಟಿನ ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರು. ಆ ಕ್ಯಾಬಿನ್‌ನ ಫೋನ್ ನಂಬರ್ ಕೂಡ ನಿಮ್ಮ ಪಟ್ಟಿಯಲ್ಲಿದೆ.

ರಾತ್ರಿ 1:12ಕ್ಕೆ ಲೆಕ್ಕಪತ್ರ ವಿಭಾಗದವರ ಖಾತೆಯಿಂದ ವಿಪಿಎನ್ (ಹೊರಗಿನಿಂದ ನಮ್ಮ ನೆಟ್‌ವರ್ಕ್ ಒಳಗೆ ಬರುವ ದಾರಿ) ಲಾಗಿನ್ ಆಗಿದೆ. ವಿಳಾಸ ವಿದೇಶದ್ದು. ಆ ಪಾಸ್‌ವರ್ಡ್ ಹೇಗೆ ಹೊರಗೆ ಹೋಯಿತು ಅನ್ನುವುದರ ತನಿಖೆ ಬೇರೆ ನಡೆಯುತ್ತಿದೆ, ಅದನ್ನು ಇಲ್ಲಿ ಎಳೆದು ತರಬೇಡಿ. 1:26ಕ್ಕೆ ಅದೇ ಖಾತೆಯಿಂದ, ವಿಂಡೋಸ್‌ಗೆ ಆದೇಶ ಕೊಡುವ ಪವರ್‌ಶೆಲ್ ಓಡಿದೆ. ಆದೇಶ ನೇರವಾಗಿಲ್ಲ, ಓದಿದರೆ ತಿಳಿಯದ ಹಾಗೆ ಬೇಸ್64 ಅನ್ನುವ ಸಂಕೇತದಲ್ಲಿ ಸುತ್ತಿಟ್ಟಿದ್ದು. ಇನ್ವಾಯ್ಸ್ ಹಾಕುವವರಿಗೆ ರಾತ್ರಿ ಒಂದೂವರೆಗೆ ಬೇಸ್64 ಯಾಕೆ ಬೇಕು ಅಂತ ಯಾರಿಗಾದರೂ ಅನ್ನಿಸಬೇಕಿತ್ತು.

1:41ಕ್ಕೆ ವಿಂಡೋಸ್‌ನದೇ ಆದ ರನ್‌ಡಿಎಲ್‌ಎಲ್32 ಮೂಲಕ ಕಾಮ್‌ಸರ್ವಿಸಸ್ ಡಿಎಲ್‌ಎಲ್ ಕರೆದು, ಲಾಗಿನ್ ನೋಡಿಕೊಳ್ಳುವ ಪ್ರೋಗ್ರಾಂ ಆದ ಎಲ್‌ಸ್ಯಾಸ್‌ನ ಮೆಮೊರಿಯನ್ನು ಪೂರ್ತಿ ಒಂದು ಫೈಲಿಗೆ ಇಳಿಸಿಕೊಂಡಿದ್ದಾರೆ. ಆ ಯಂತ್ರಕ್ಕೆ ಲಾಗಿನ್ ಆಗಿದ್ದವರ ಪಾಸ್‌ವರ್ಡ್ ಗುರುತುಗಳೆಲ್ಲ ಅವರ ಕೈಗೆ ಹೋಯಿತು ಅಂತಲೇ ಅರ್ಥ. ದಾಳಿಕೋರರ ತಂತ್ರಗಳನ್ನು ಒಟ್ಟುಮಾಡಿರುವ ಮೈಟರ್ ಅಟ್ಯಾಕ್ ಪಟ್ಟಿಯಲ್ಲಿ ಇದಕ್ಕೆ ಟಿ1003.001 ಅಂತ ಸಂಖ್ಯೆಯೇ ಇದೆ. ಈ ಕೆಲಸ ಕಲಿಯುವವರು ಮೊದಲ ವಾರದಲ್ಲೇ ಓದುವ ವಿಷಯ. ನಿಮ್ಮ ಕರಪತ್ರದ ಎರಡನೇ ಪುಟದಲ್ಲೂ ಬಣ್ಣದ ಚೌಕದಲ್ಲಿ ಹಾಕಿದ್ದೀರಿ.

2:05ಕ್ಕೆ ಫೈಲ್ ಸರ್ವರ್‌ನಲ್ಲಿ ಹೊಸ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಲಾಗ್‌ನಲ್ಲಿ ಇವೆಂಟ್ 7045. ಹೆಸರು ಅರ್ಥವಿಲ್ಲದ ಎಂಟು ಅಕ್ಷರ. ಅಲ್ಲಿ ನಮ್ಮ ಬ್ಯಾಕಪ್ ಸ್ಕ್ರಿಪ್ಟ್‌ನ ಕ್ಲೌಡ್ ಕೀ ಅವರಿಗೆ ಸಿಕ್ಕಿದೆ. ಅಲ್ಲಿಂದ ಆಚೆಯದು, ಅಮೆಜಾನ್ ಕ್ಲೌಡ್‌ನಲ್ಲಿ ಯಾರು ಏನು ಮಾಡಿದರು ಅಂತ ಬರೆದಿಡುವ ಕ್ಲೌಡ್‌ಟ್ರೇಲ್ ದಾಖಲೆಯಲ್ಲಿದೆ. ಮೊದಲು ಗೆಟ್‌ಕಾಲರ್‌ಐಡೆಂಟಿಟಿ, ಅಂದರೆ ‘ಈ ಕೀಲಿ ಯಾರದ್ದು’ ಅಂತ ಕೇಳಿದ್ದಾರೆ. ಕೀಲಿ ನಮ್ಮದೇ ಆಗಿದ್ದರೆ ಹಾಗೆ ಕೇಳುವ ಅಗತ್ಯವೇ ಇಲ್ಲ, ಅಲ್ವಾ? ಆಮೇಲೆ ಬಕೆಟ್‌ಗಳ, ಅಂದರೆ ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗಗಳ ಪಟ್ಟಿ. ಆಮೇಲೆ ಹೊಸ ಬಳಕೆದಾರನನ್ನು ಸೃಷ್ಟಿಸುವ ಯತ್ನ, ಅನುಮತಿ ಇಲ್ಲ ಅಂತ ಉತ್ತರ. ಕ್ಲೌಡ್‌ಟ್ರೇಲನ್ನೇ ನಿಲ್ಲಿಸುವ ಸ್ಟಾಪ್‌ಲಾಗಿಂಗ್ ಯತ್ನ, ಅದಕ್ಕೂ ಅನುಮತಿ ಇಲ್ಲ. ಪ್ರತಿ ರಾತ್ರಿ ಒಂದೇ ಫೋಲ್ಡರ್‌ಗೆ ಫೈಲ್ ಹಾಕಿ ಸುಮ್ಮನಾಗುವ ಕೀ ಇದು. ‘ಬ್ಯಾಕಪ್‌ಗೆ ಮಾತ್ರ’ ಅಂತ ನೀವೇ ನಿಮ್ಮ ಆರಂಭದ ವರದಿಯಲ್ಲಿ ಬರೆದುಕೊಂಡಿದ್ದೀರಿ. ಅದು ಏಕಾಏಕಿ ವಿದೇಶದ ವಿಳಾಸದಿಂದ ಬಂದು ಲಾಗ್ ನಿಲ್ಲಿಸಿ ಅಂತ ಕೇಳುತ್ತಿದೆ. ನಿಮಗೆ ಏನೂ ಅನ್ನಿಸಲಿಲ್ಲ.

ಬಾಗಿಲು ತೆರೆಯದಿದ್ದಾಗ ಇದ್ದದ್ದನ್ನೇ ಬಾಚಿಕೊಂಡು ಹೋದರು. ನಮ್ಮ ಗ್ರಾಹಕರ ಡ್ರಾಯಿಂಗ್‌ಗಳು ಒಂದೊಂದಾಗಿ ಡೌನ್‌ಲೋಡ್ ಆಗಿವೆ. ಬಕೆಟ್‌ನಿಂದ ಯಾವ ಫೈಲ್ ಹೋಯಿತು ಅನ್ನುವುದು ಮಾಮೂಲಿ ಲಾಗ್‌ನಲ್ಲಿ ಬರಲ್ಲ, ಡೇಟಾ ಇವೆಂಟ್ಸ್ ಬೇರೆಯಾಗಿ ಆನ್ ಮಾಡಬೇಕು, ಅದಕ್ಕೆ ದುಡ್ಡು ಜಾಸ್ತಿ. ನೀವು ಹೇಳಿದಿರಿ ಅಂತಲೇ ಆನ್ ಮಾಡಿಸಿದ್ದೆವು. ಹಾಗಾಗಿ ಕಳುವಾದ ಪ್ರತಿ ಫೈಲಿನ ಹೆಸರೂ ನಮ್ಮಲ್ಲಿದೆ. ಅಷ್ಟರ ಮಟ್ಟಿಗೆ ಧನ್ಯವಾದ.

3:50ಕ್ಕೆ ವಿಎಸ್‌ಎಸ್‌ಅಡ್ಮಿನ್ ಬಳಸಿ ಶ್ಯಾಡೋ ಕಾಪಿ (ಹಳೆಯ ಫೈಲ್ ವಾಪಸ್ ತರಲು ವಿಂಡೋಸ್ ಇಟ್ಟುಕೊಳ್ಳುವ ಪ್ರತಿ) ಅಳಿಸಿದರು. ಆಮೇಲೆ ಎರಡು ಸರ್ವರ್‌ನಲ್ಲಿ ಇದ್ದಬದ್ದ ಫೈಲಿಗೆಲ್ಲ ಬೀಗ. ಕೊನೆಗೆ ಇವೆಂಟ್ 1102, ಸೆಕ್ಯುರಿಟಿ ಲಾಗ್ ಖಾಲಿ. ಯಂತ್ರದಲ್ಲಿ ಲಾಗ್ ಅಳಿಸಿದರೂ ನಿಮ್ಮ ಕಡೆಗೆ ಅಷ್ಟೊತ್ತಿಗೆ ಒಂದು ಪ್ರತಿ ಬಂದಿತ್ತು. ಅದಕ್ಕೆ ತಾನೇ ನಿಮಗೆ ದುಡ್ಡು ಕೊಡುವುದು?

ಇದರಲ್ಲಿ ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅನುಮಾನ ಬರದೇ ಇರಬಹುದು. ಪವರ್‌ಶೆಲ್ ನಾವೂ ಬಳಸುತ್ತೇವೆ. ಹೊಸ ಸರ್ವಿಸ್ ಪ್ರಿಂಟರ್ ಹಾಕಿದರೂ ಬರುತ್ತದೆ. ಆದರೆ ಒಂದೇ ಖಾತೆ, ಒಂದೇ ರಾತ್ರಿ, ಒಂದರ ಹಿಂದೆ ಒಂದು. ಈ ಸಾಲನ್ನು ಜೋಡಿಸಿ ನೋಡುವುದೇ ನಿಮ್ಮ ಸರಕು. ವೈರಸ್ ಹೆಸರು ಹುಡುಕುವುದು ಹಳೆಯ ಕಾಲ, ನಾವು ನಡವಳಿಕೆ ನೋಡುತ್ತೇವೆ ಅಂತ ಹೇಳಿಯೇ ಮಾರಿದಿರಿ.

ಮಾರಲು ಬಂದಾಗ ನಿಮ್ಮವರು ಒಂದು ಕಥೆಯನ್ನೂ ಹೇಳಿದ್ದರು. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದದ್ದು. ಅಲರ್ಟ್ ಮೊದಲು ಕಂಡದ್ದು ನಮ್ಮ ಬೆಂಗಳೂರಿನಲ್ಲಿ ಕೂತಿದ್ದ ತಂಡಕ್ಕೆ, ಅವರು ಮಿನಿಯಾಪೊಲಿಸ್‌ಗೆ ತಿಳಿಸಿದ್ದರು, ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಅಂತ 2014ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ‘ಸರ್, ನಮ್ಮಲ್ಲಿ ಹಾಗಾಗಲ್ಲ’ ಅಂದಿದ್ದರು. ನಿಜ, ಹಾಗಾಗಲಿಲ್ಲ. ಆ ಬೆಂಗಳೂರಿನ ತಂಡ ಕೊನೇಪಕ್ಷ ಮೇಲಿನವರಿಗೆ ತಿಳಿಸಿತ್ತು.

ಈಗ ವಿಜಯದಶಮಿಯ ಬೆಳಗಿನ ಆ ಕರೆಯ ವಿಷಯ. ಇದನ್ನು ನೀವು ಪೂರ್ತಿ ಓದಬೇಕು. ಕರೆ ರೆಕಾರ್ಡ್ ಆಗುತ್ತದೆ ಅಂತ ನಿಮ್ಮ ಯಂತ್ರವೇ ಹೇಳಿತು, ಬೇಕಿದ್ದರೆ ತಾಳೆ ನೋಡಿ.

ನಮ್ಮ ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಹಬ್ಬದ ರೇಷ್ಮೆ ಪಂಚೆಯಲ್ಲೇ ಓಡಿ ಬಂದಿದ್ದರು. ಫೋನ್ ಸ್ಪೀಕರಿನಲ್ಲಿತ್ತು. ಮೊದಲು ಸಂಗೀತ. ಆಮೇಲೆ ನಿಮ್ಮವರೊಬ್ಬರು ಬಂದು ಕಂಪನಿಯ ಹೆಸರಿನ ಸ್ಪೆಲಿಂಗ್ ಕೇಳಿದರು. ಹೇಳಿದೆ. ಇನ್ನೊಮ್ಮೆ ಕೇಳಿದರು. ಹೇಳಿದೆ. ಗುರುತು ಖಾತ್ರಿಗೆ ಕೊನೆಯ ಇನ್ವಾಯ್ಸಿನ ಮೊತ್ತ ಹೇಳಿ ಅಂದರು. ಇನ್ವಾಯ್ಸ್ ಇರುವ ಸರ್ವರಿಗೇ ಬೀಗ ಬಿದ್ದಿದೆ ಅಂದೆ. ‘ಹಾಗಾದರೆ ವೆರಿಫಿಕೇಶನ್ ಕಷ್ಟ ಆಗುತ್ತೆ ಸರ್’ ಅಂದರು. ರಾತ್ರಿ ಬಂದವನಿಗೆ ಇಷ್ಟು ವೆರಿಫಿಕೇಶನ್ ಇದ್ದಿದ್ದರೆ ನಮ್ಮ ಹಬ್ಬ ಚೆನ್ನಾಗಿರುತ್ತಿತ್ತು.

ಕೊನೆಗೆ ಮಾಲೀಕರೇ ತಮ್ಮ ಮೊಬೈಲಿನಲ್ಲಿ ಬ್ಯಾಂಕ್ ಮೆಸೇಜ್ ಹುಡುಕಿ ಮೊತ್ತ ಓದಿದರು. ಪೈಸೆ ಸಮೇತ.

ಆಮೇಲೆ ನಿಮ್ಮವರು ಲಾಗ್ ತೆಗೆದರು. ‘ಸರ್, ಲಾಗಿನ್ ಆಗಿರುವುದು ಸಂಜೆ 7:42ಕ್ಕೆ. ನಿಮ್ಮ ಸ್ಟಾಫ್ ಯಾರೋ ಲೇಟಾಗಿ ಕೆಲಸ ಮಾಡಿರಬಹುದು, ಅಲ್ವಾ?’ ನಾನು ಇಲ್ಲ ಅಂದೆ, ರಾತ್ರಿ 1:12 ಅಂದೆ. ‘ನಮ್ಮ ಸಿಸ್ಟಮ್‌ನಲ್ಲಿ 19:42 ಅಂತಿದೆ ಸರ್. ಸಿಸ್ಟಮ್ ತಪ್ಪು ತೋರಿಸಲ್ಲ.’ ಅದು ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಮೌನ. ‘ಲೈನಲ್ಲಿ ಯಾರಾದರೂ ಟೆಕ್ನಿಕಲ್ ಪರ್ಸನ್ ಇದ್ದರೆ ಕೊಡ್ತೀರಾ ಸರ್?’ ಅಂದರು.

ಆ ಮಾತು ಸ್ಪೀಕರಿನಲ್ಲಿ ಇಡೀ ಕೋಣೆಗೆ ಕೇಳಿಸಿತು. ಟೀ ತಂದಿದ್ದ ಹುಡುಗನೂ ನನ್ನ ಮುಖ ನೋಡಿದ. ಇಡೀ ಕಾರ್ಖಾನೆಯಲ್ಲಿ ಟೆಕ್ನಿಕಲ್ ಅನ್ನಿಸಿಕೊಂಡವನು ನಾನೊಬ್ಬನೇ.

ಅಲರ್ಟ್ ಯಾಕೆ ಬರಲಿಲ್ಲ ಅಂತ ಮಾಲೀಕರು ಕೇಳಿದರು. ಬಂದಿತ್ತು ಅಂದರು ನಿಮ್ಮವರು. ಎಲ್‌ಸ್ಯಾಸ್‌ನದ್ದು ರಾತ್ರಿಯೇ ಬಂದಿತ್ತು, ‘ಮೀಡಿಯಂ’ ಅಂತ ಗುರುತಾಗಿತ್ತು, ಮೀಡಿಯಂ ಆದರೆ ಫೋನ್ ಇಲ್ಲ, ಇಮೇಲ್ ಮಾತ್ರ. ‘ನೀವು ಇಮೇಲ್ ನೋಡಲ್ವಾ ಸರ್?’ ನನಗೆ ಯಾವ ಇಮೇಲೂ ಬಂದಿಲ್ಲ ಅಂದೆ. ಸ್ಕ್ರೀನ್ ಶೇರ್ ಮಾಡಿಸಿದರು. ಇನ್‌ಬಾಕ್ಸ್ ತೆಗೆಸಿದರು. ಹುಡುಕಿಸಿದರು. ಸ್ಪ್ಯಾಮ್ ತೆಗೆಸಿದರು. ಚಿಕ್ಕ ಮಗುವಿಗೆ ಹೇಳುವ ಹಾಗೆ ‘ಈಗ ಎಡಗಡೆ ಒತ್ತಿ, ಈಗ ಕೆಳಗೆ ಬನ್ನಿ’ ಅಂತ ಹೇಳುತ್ತಾ ಹೋದರು. ಇಲ್ಲವೇ ಇಲ್ಲ.

ಅಷ್ಟಾದ ಮೇಲೆ ಗೊತ್ತಾಗಿದ್ದು ಏನು? ಅಲರ್ಟ್ ಹೋಗಿದ್ದು ನಿಮ್ಮ ಬಿಲ್ ಹೋಗುವ ವಿಳಾಸಕ್ಕೆ. ಲೆಕ್ಕಪತ್ರ ವಿಭಾಗದ ಇಮೇಲಿಗೆ. ಅಂದರೆ ಕಳ್ಳ ಒಳಗೆ ಬಂದ ಅದೇ ಖಾತೆಗೆ. ನಮ್ಮ ಮೂವರ ಫೋನ್ ನಂಬರ್, ನನ್ನ ಇಮೇಲ್, ಎಲ್ಲ ಬರೆದುಕೊಟ್ಟ ನಿಮ್ಮದೇ ನಮೂನೆ, ನಿಮ್ಮದೇ ಮುದ್ರೆ ಬಿದ್ದದ್ದು, ನಮ್ಮ ಕಡತದಲ್ಲಿದೆ. ಪ್ರತಿ ಲಗತ್ತಿಸಿದ್ದೇನೆ.

ಸರಿ, ಆ ಇನ್‌ಬಾಕ್ಸಿನಲ್ಲಾದರೂ ಇತ್ತೇ? ಅಲ್ಲೂ ಇಲ್ಲ. ಕಳ್ಳ ಹಿಂದಿನ ದಿನವೇ ಔಟ್‌ಲುಕ್‌ನಲ್ಲಿ ಒಂದು ರೂಲ್ ಹಾಕಿಟ್ಟಿದ್ದ. ನಿಮ್ಮ ಕಂಪನಿಯ ಹೆಸರಿದ್ದ ಇಮೇಲ್ ಬಂದರೆ ಓದಿದ್ದು ಅಂತ ಗುರುತು ಮಾಡಿ ಆರ್‌ಎಸ್‌ಎಸ್ ಫೀಡ್ಸ್ (ವೆಬ್‌ಸೈಟ್‌ಗಳ ಸುದ್ದಿ ಬಂದು ಬೀಳುವ) ಫೋಲ್ಡರ್‌ಗೆ ತಳ್ಳು ಅಂತ. ಅಲ್ಲಿಗೆ ಯಾರೂ ಹೋಗಲ್ಲ ಅಂತ ಅವನಿಗೆ ಗೊತ್ತು. ಇಮೇಲ್ ಖಾತೆ ಕದ್ದವರು ಮಾಡುವ ಬಲು ಹಳೆಯ ಆಟ ಇದು. ಇಂಥ ರೂಲ್ ಹುಟ್ಟಿದರೆ ಹಿಡಿಯುತ್ತೇವೆ ಅಂತಲೂ ನಿಮ್ಮ ಕರಪತ್ರದಲ್ಲಿದೆ, ಮೂರನೇ ಪುಟ.

ರಾತ್ರಿ ಕಾವಲಿನ ಗೂರ್ಖಾ, ಒಳಗೆ ಬಂದ ಕಳ್ಳನನ್ನು ಕಣ್ಣಾರೆ ನೋಡಿ, ಪುಸ್ತಕದಲ್ಲಿ ಸಮಯ ಬರೆದು, ಆ ಚೀಟಿಯನ್ನು ಕಳ್ಳನ ಕೈಯಲ್ಲೇ ಕೊಟ್ಟು ಯಜಮಾನರಿಗೆ ತಲುಪಿಸಪ್ಪ ಅಂದ ಹಾಗಾಯಿತು. ಇದನ್ನು ನಿಮ್ಮವರಿಗೆ ಹೇಳಿದೆ. ‘ಅರ್ಥ ಆಯ್ತು ಸರ್. ಬೇರೆ ಏನಾದರೂ ಸಹಾಯ ಬೇಕಾ?’ ಅಂದರು.

ಇನ್ನೊಂದು ವಿಷಯ, ಚಿಕ್ಕದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನ ನಿಮಗೆ ಗೊತ್ತೇ ಇದೆ. ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು, ಲಾಗ್ 180 ದಿನ ಇಟ್ಟಿರಬೇಕು. ವರದಿಗೆ ಬೇಕಾದ ವಿವರ ಕೇಳಿದರೆ ‘ಹಬ್ಬದ ರಜೆ ಇದೆ, ಸೋಮವಾರ ಎಲ್2 (ಎರಡನೇ ಹಂತದ) ತಂಡ ನೋಡುತ್ತೆ’ ಅನ್ನುವ ಉತ್ತರ ಬಂತು. ನಿಮ್ಮ ಉತ್ತರ ಕಾಯದೆ ನಾನೇ ಕೂತು ಬರೆದು ಕಳಿಸಿದೆ. ಹಿಂದಿನ ತಿಂಗಳುಗಳ ಲಾಗ್ ಕೇಳಿದರೆ ನಮ್ಮ ಪ್ಲಾನ್‌ನಲ್ಲಿ 30 ದಿನ ಮಾತ್ರ ಇರುತ್ತದಂತೆ, ಜಾಸ್ತಿ ಬೇಕಿದ್ದರೆ ಅಪ್‌ಗ್ರೇಡ್ ಅಂತೆ. ಕಳ್ಳ ಮೊದಲ ಸಲ ಯಾವಾಗ ಬಂದ ಅಂತ ನೋಡಲು ಬೇಕಿದ್ದ ಲಾಗ್ ಅದು. ಅಪ್‌ಗ್ರೇಡ್‌ನ ದರಪಟ್ಟಿ ಮಾತ್ರ ಅದೇ ದಿನ ಸಂಜೆ ಬಂತು. ಅದು ರಜೆಯಲ್ಲಿ ಇರಲಿಲ್ಲ ಅನ್ನಿಸುತ್ತದೆ.

ನಮಗೆ ಬೇಕಾದದ್ದು ಇಷ್ಟು. ಆ ಟಿಕೆಟ್ ಮತ್ತೆ ತೆರೆಯಿರಿ. ಎಲ್‌ಸ್ಯಾಸ್ ಅಲರ್ಟನ್ನು ಮೀಡಿಯಂ ಅಂತ ಇಟ್ಟ ನಿಯಮ ಯಾರು ಬರೆದರು, ಆ ರಾತ್ರಿ ಪಾಳಿಯಲ್ಲಿ ಪರದೆ ನೋಡುತ್ತಿದ್ದವರು ಎಷ್ಟು ಜನ, ಅವರು ಆ ಅಲರ್ಟ್ ತೆರೆದರೋ ಇಲ್ಲವೋ, ಬರವಣಿಗೆಯಲ್ಲಿ ಹೇಳಿ. ಯಾರನ್ನೋ ಕೆಲಸದಿಂದ ತೆಗೆಯಿರಿ ಅಂತ ಕೇಳುತ್ತಿಲ್ಲ. ಪಾಳಿಯ ಹುಡುಗರಿಗೆ ಒಂದು ರಾತ್ರಿಗೆ ಎಷ್ಟು ಕಂಪನಿಯ ಅಲರ್ಟ್ ಬೀಳುತ್ತದೆ ಅಂತ ಊಹಿಸಬಲ್ಲೆ. ಅದು ಅವರ ತಪ್ಪಲ್ಲ, ಒಂದು ಸಂಬಳದಲ್ಲಿ ಐವರ ಕೆಲಸ ಮಾಡಿಸುವವರದ್ದು. ಲಾಗ್‌ಗಳನ್ನು ಅಳಿಸದೆ ಹಾಗೇ ನಮಗೆ ಒಪ್ಪಿಸಿ. ಈ ತ್ರೈಮಾಸಿಕದ ಬಿಲ್ ವಾಪಸ್ ತೆಗೆದುಕೊಳ್ಳಿ.

ನಿಜ ಹೇಳಬೇಕೆಂದರೆ ನೀವು ಇದನ್ನೆಲ್ಲ ಮಾಡುತ್ತೀರಿ ಅಂತ ನನಗೆ ನಂಬಿಕೆ ಇಲ್ಲ. ಹಾಗಾಗಿ ಮುಂದಿನದ್ದನ್ನೂ ಈಗಲೇ ಹೇಳಿಬಿಡುತ್ತೇನೆ. ಬಿಲ್ ಕಟ್ಟುವುದನ್ನು ಮಾಲೀಕರು ನಿಲ್ಲಿಸಿದ್ದಾರೆ. ವಕೀಲರ ನೋಟಿಸ್ ತಯಾರಾಗುತ್ತಿದೆ. ಡ್ರಾಯಿಂಗ್ ಕಳೆದುಕೊಂಡ ಗ್ರಾಹಕರು ನಮ್ಮ ಕಾವಲು ಯಾರದ್ದು ಅಂತ ಕೇಳಿದ್ದಾರೆ, ಅವರಿಗೆ ನಿಮ್ಮ ಹೆಸರು, ವಿಳಾಸ, ಈ ಪತ್ರದ ಪ್ರತಿ, ಮೂರನ್ನೂ ಕಳಿಸುತ್ತಿದ್ದೇವೆ. ಸರ್ಟ್-ಇನ್‌ಗೆ ಪೂರಕ ವರದಿ ಬರೆಯುವಾಗ 30 ದಿನದ ಲಾಗ್‌ನ ಸಂಗತಿಯೂ ಅದರಲ್ಲಿ ಇರುತ್ತದೆ.

ಮುಂದಿನ ತಿಂಗಳು ನಮ್ಮ ಕೈಗಾರಿಕಾ ವಸಾಹತಿನ ಕಾರ್ಖಾನೆಯವರೆಲ್ಲ ಸೇರುವ ಸಭೆ ಇದೆ. ಅಲ್ಲಿ ನಿಮ್ಮದೂ ಒಂದು ಮಳಿಗೆ ಇರುತ್ತದೆ ಅಂತ ಕೇಳಿದೆ. ನನಗೂ ಮಾತಾಡಲು ಸಮಯ ಕೊಟ್ಟಿದ್ದಾರೆ. ನಿಮ್ಮ ಅಲರ್ಟ್ ಆರ್‌ಎಸ್‌ಎಸ್ ಫೋಲ್ಡರ್‌ನಲ್ಲಿ ಕೂತಿದ್ದ ಚಿತ್ರವನ್ನು ಅಲ್ಲಿ ದೊಡ್ಡ ಪರದೆಗೆ ಹಾಕುತ್ತೇನೆ. ಅದರಲ್ಲಿ 20:11 ಅಂತಿದೆ. ಅದು ಭಾರತದಲ್ಲಿ ಎಷ್ಟು ಗಂಟೆ ಅಂತ ನಿಮ್ಮವರು ಮಳಿಗೆಯಿಂದ ಬಂದು ಹೇಳಬಹುದು.

ಇತಿ,
ಐಟಿ ವಿಭಾಗದ ಉಸ್ತುವಾರಿ
ಪೀಣ್ಯ, ಬೆಂಗಳೂರು

ಲಗತ್ತು: ಸಂಪರ್ಕ ನಮೂನೆಯ ಪ್ರತಿ, ಲಾಗ್‌ಗಳು (ಭಾರತೀಯ ಸಮಯಕ್ಕೆ ಬದಲಾಯಿಸಿದ್ದು), ನಿಮ್ಮ ಕರಪತ್ರದ 2 ಮತ್ತು 3ನೇ ಪುಟ